ಔಷಧಕ್ಕೆ ಅನುಮೋದನೆ: ಸುರಕ್ಷತೆಯ ಬಗ್ಗೆ ಅದು ಹೇಳುವುದೆಷ್ಟು?

"ಅನುಮೋದನೆ ಸಿಕ್ಕಿದೆ, ಆದ್ದರಿಂದ ಸುರಕ್ಷಿತ" ಎಂಬ ಉತ್ತರ ಅರ್ಧ ಮಾತ್ರ ಸರಿ. ನಿಯಂತ್ರಣ ಸಂಸ್ಥೆಯೊಂದು ಔಷಧಕ್ಕೆ ಒಪ್ಪಿಗೆ ಕೊಟ್ಟಾಗ ಅದು ಹೇಳುವುದು ಇಷ್ಟು: ಈ ಕಾಯಿಲೆಗೆ, ಈ ಪ್ರಮಾಣದಲ್ಲಿ, ಇಂಥ ರೋಗಿಗಳಿಗೆ ಕೊಟ್ಟರೆ, ಇವತ್ತಿನವರೆಗೆ ಸಿಕ್ಕಿರುವ ಮಾಹಿತಿಯ ಪ್ರಕಾರ, ಹಾನಿಗಿಂತ ಪ್ರಯೋಜನ ಹೆಚ್ಚು. ಇಲ್ಲಿ ನಾಲ್ಕು ಷರತ್ತುಗಳಿವೆ. ಒಂದು ಬದಲಾದರೂ ತೀರ್ಮಾನ ಬದಲಾಗಬಹುದು.

ಇದಕ್ಕೆ ಥಾಲಿಡೊಮೈಡ್‌ಗಿಂತ ಸ್ಪಷ್ಟ ಉದಾಹರಣೆ ಇಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಮಾರುಕಟ್ಟೆಗೆ ಬಂದ ಇದನ್ನು ಗರ್ಭಿಣಿಯರು ವಾಕರಿಕೆ ತಡೆಯಲೂ ತೆಗೆದುಕೊಂಡರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ ಮೇಲೆ, 1961ರ ಕೊನೆಗೆ ಅದನ್ನು ಹಿಂತೆಗೆದುಕೊಂಡರು. ಹಾನಿಗೊಳಗಾದ ಮಕ್ಕಳ ಸಂಖ್ಯೆ 10,000ಕ್ಕೂ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿ ಅರ್ಜಿ ಪರಿಶೀಲಿಸುತ್ತಿದ್ದ ಫ್ರಾನ್ಸಿಸ್ ಕೆಲ್ಸಿ ಸುರಕ್ಷತೆಯ ಪುರಾವೆ ಸಾಲದೆಂದು ಒಪ್ಪಿಗೆ ಕೊಟ್ಟಿರಲಿಲ್ಲ. ಅದೇ ಎಫ್‌ಡಿಎ 1998ರಲ್ಲಿ, ಕುಷ್ಠರೋಗದಲ್ಲಿ ಕಾಣಿಸುವ ನೋವಿನ ಚರ್ಮದ ಗಂಟುಗಳಿಗೆ ಇದೇ ಥಾಲಿಡೊಮೈಡ್ ಅನ್ನು ಅನುಮೋದಿಸಿತು. 2006ರಲ್ಲಿ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೂ ಒಪ್ಪಿಗೆ ಸಿಕ್ಕಿತು. ಅಣುವಿನಲ್ಲಿ ಏನೂ ಬದಲಾಗಿರಲಿಲ್ಲ. ಕಾಯಿಲೆ ಬೇರೆ, ರೋಗಿಗಳು ಬೇರೆ. ಜೊತೆಗೆ ಕಟ್ಟುನಿಟ್ಟಿನ ನಿಯಮಗಳೂ ಬಂದವು: ಗರ್ಭ ಧರಿಸಬಲ್ಲ ಮಹಿಳೆಗೆ ಚಿಕಿತ್ಸೆಗೆ ಮೊದಲು ಗರ್ಭಪರೀಕ್ಷೆ, ನಡುವೆ ಮತ್ತೆ ಮತ್ತೆ ಪರೀಕ್ಷೆ, ಜೊತೆಗೆ ಗರ್ಭನಿರೋಧಕ ಕಡ್ಡಾಯ.

ಟ್ರಯಲ್‌ನಲ್ಲಿ ಎಷ್ಟು ಜನ ಇದ್ದರು?

ಅನುಮೋದನೆಗೆ ಮೊದಲು ಔಷಧವನ್ನು ಜನರ ಮೇಲೆ ಹಂತ ಹಂತವಾಗಿ ಪರೀಕ್ಷಿಸುವುದೇ ಟ್ರಯಲ್. ಮೊದಲ ಹಂತದ ಟ್ರಯಲ್‌ಗಳಲ್ಲಿ ಕೆಲವು ಡಜನ್ ಜನ, ಎರಡನೆಯದರಲ್ಲಿ ಕೆಲವು ನೂರು, ಮೂರನೆಯದರಲ್ಲಿ ಸಾಮಾನ್ಯವಾಗಿ ನೂರಾರರಿಂದ ಕೆಲವು ಸಾವಿರ ಜನ. ಜೀವಕ್ಕೆ ಅಪಾಯವಿಲ್ಲದ ಕಾಯಿಲೆಗೆ ದೀರ್ಘಕಾಲ ಕೊಡುವ ಔಷಧಗಳ ಬಗ್ಗೆ ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಅಂತರರಾಷ್ಟ್ರೀಯ ಮಂಡಳಿ ಐಸಿಎಚ್‌ನ ಇ1 ಮಾರ್ಗಸೂಚಿ ಕೇಳುವುದು ಒಟ್ಟು ಸುಮಾರು 1,500 ಜನರ ಮಾಹಿತಿ. ಅವರಲ್ಲಿ 300ರಿಂದ 600 ಜನ ಆರು ತಿಂಗಳು, ಕನಿಷ್ಠ 100 ಜನ ಒಂದು ವರ್ಷ ಔಷಧ ತೆಗೆದುಕೊಂಡಿರಬೇಕು.

1,500 ಜನರಲ್ಲಿ ಒಬ್ಬರಿಗೂ ಲಿವರ್ ಕೆಡಲಿಲ್ಲ ಎನ್ನೋಣ. ಆ ಹಾನಿ ಇಲ್ಲವೇ ಇಲ್ಲ ಎನ್ನಬಹುದೇ? ಲೆಕ್ಕ ಹಾಕಿ ನೋಡಿ. ನಿಜವಾದ ಪ್ರಮಾಣ 500ಕ್ಕೆ ಒಬ್ಬರು ಎಂದಿದ್ದರೆ, ಒಬ್ಬ ರೋಗಿ ಪಾರಾಗುವ ಸಂಭವ 499/500. 1,500 ಜನರೂ ಪಾರಾಗುವ ಸಂಭವ ಬೇಕಾದರೆ ಈ ಭಿನ್ನರಾಶಿಯನ್ನು 1,500 ಸಲ ಗುಣಿಸಬೇಕು. ಬರುವ ಉತ್ತರ ಸುಮಾರು 0.05. ಅಂದರೆ 500ಕ್ಕೆ ಒಬ್ಬರ ಲಿವರ್ ಕೆಡಿಸುವ ಔಷಧವೂ 20ರಲ್ಲಿ ಒಂದು ಸಲ ಇಂಥ ಟ್ರಯಲ್‌ನಲ್ಲಿ ಕಳಂಕವಿಲ್ಲದೆ ಹೊರಬರುತ್ತದೆ. ಇದನ್ನೇ ಚುಟುಕಾಗಿ 'ಮೂರರ ನಿಯಮ' ಎನ್ನುತ್ತಾರೆ: ಘಟನೆ ಒಂದೂ ಕಾಣದಿದ್ದಾಗ, 3ನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ ಶೇ. 95 ವಿಶ್ವಾಸದ ಮೇಲ್ಮಿತಿ ಸಿಗುತ್ತದೆ, ಅಂದರೆ ನಿಜವಾದ ಪ್ರಮಾಣ ಅದಕ್ಕಿಂತ ಹೆಚ್ಚಿರುವ ಸಂಭವ ಕಡಿಮೆ. ಒಂದು ವರ್ಷ ಔಷಧ ಸೇವಿಸಿದ ಆ 100 ಜನರಿಗೆ ಇದನ್ನೇ ಅನ್ವಯಿಸಿದರೆ ಮೇಲ್ಮಿತಿ ಶೇ. 3. ದೀರ್ಘಕಾಲದ ಸುರಕ್ಷತೆಯ ಬಗ್ಗೆ ನಮ್ಮ ಭರವಸೆ ಎಷ್ಟು ತೆಳುವಾಗಿದೆ ಎಂಬುದು ಇಲ್ಲೇ ಗೊತ್ತಾಗುತ್ತದೆ. 10,000ಕ್ಕೆ ಒಂದರಂತೆ ಆಗುವ ಹಾನಿಯ ಕನಿಷ್ಠ ಒಂದು ಪ್ರಕರಣವಾದರೂ ಶೇ. 95 ಭರವಸೆಯಿಂದ ಕಾಣಲು ಸುಮಾರು 30,000 ಜನ ಬೇಕು. ಹೃದಯಾಘಾತದಂತೆ ಔಷಧವಿಲ್ಲದೆಯೂ ಆಗುವ ಘಟನೆಯಾದರೆ ಒಂದು ಪ್ರಕರಣ ಕಂಡು ಪ್ರಯೋಜನವಿಲ್ಲ, ಹೋಲಿಕೆಯ ಗುಂಪು ಬೇಕು, ಸಂಖ್ಯೆ ಇನ್ನೂ ಏರುತ್ತದೆ.

ಲಸಿಕೆಗಳಲ್ಲಿ ಈ ಪಾಠ ನೇರವಾಗಿ ಜಾರಿಗೆ ಬಂತು. ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್ ವಿರುದ್ಧದ ರೋಟಾಶೀಲ್ಡ್ ಎಂಬ ಲಸಿಕೆಗೆ ಅಮೆರಿಕದಲ್ಲಿ 1998ರಲ್ಲಿ ಪರವಾನಗಿ ಸಿಕ್ಕಿತ್ತು. ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ಸೇರಿಕೊಳ್ಳುವ ಇಂಟಸಸೆಪ್ಶನ್ ಸುಮಾರು 10,000 ಶಿಶುಗಳಲ್ಲಿ ಒಂದಕ್ಕೆ ಆಗುತ್ತಿದೆ ಎಂದು ತಿಳಿದು 1999ರಲ್ಲಿ ಅದನ್ನು ಹಿಂತೆಗೆದುಕೊಂಡರು. ನಂತರ ಬಂದ ರೋಟಾಟೆಕ್ ಮತ್ತು ರೋಟಾರಿಕ್ಸ್ ಲಸಿಕೆಗಳ ಮುಖ್ಯ ಟ್ರಯಲ್‌ಗಳಲ್ಲಿ ತಲಾ 60,000ಕ್ಕಿಂತ ಹೆಚ್ಚು ಶಿಶುಗಳಿದ್ದವು. ಆ ಸಂಖ್ಯೆ ಎಲ್ಲಿಂದ ಬಂತೆಂದು ಈಗ ನೀವೇ ಊಹಿಸಬಹುದು.

ಟ್ರಯಲ್‌ನಲ್ಲಿ ಯಾರು ಇರಲಿಲ್ಲ?

ಗರ್ಭಿಣಿಯರು, ತೀರಾ ವಯಸ್ಸಾದವರು, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು, ಐದಾರು ಬೇರೆ ಮಾತ್ರೆ ನುಂಗುವವರು ಟ್ರಯಲ್‌ಗಳಿಂದ ಹೊರಗೇ ಉಳಿಯುವುದು ಹೆಚ್ಚು. ಔಷಧ ಮಾರುಕಟ್ಟೆಗೆ ಬಂದ ಮೇಲೆ ಅದನ್ನು ತೆಗೆದುಕೊಳ್ಳುವವರಲ್ಲಿ ಇವರೇ ಬಹಳ. ಅಲರ್ಜಿಯ ಮಾತ್ರೆ ಟೆರ್ಫೆನಡೀನ್‌ಗೆ 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲಿವರಿನ ಸಿವೈಪಿ3ಎ4 ಕಿಣ್ವ ಅದನ್ನು ಬೇಗ ಒಡೆಯುತ್ತಿದ್ದುದರಿಂದ ಒಂಟಿಯಾಗಿ ಸೇವಿಸಿದಾಗ ಮೂಲ ಔಷಧ ರಕ್ತದಲ್ಲಿ ಹೆಚ್ಚು ಉಳಿಯುತ್ತಿರಲಿಲ್ಲ. ಜೊತೆಯಲ್ಲಿ ಕೀಟೊಕೊನಜೋಲ್ ಅಥವಾ ಎರಿತ್ರೊಮೈಸಿನ್ ಕೊಟ್ಟರೆ ಆ ಕಿಣ್ವ ತಡೆಹಿಡಿಯಲ್ಪಟ್ಟು, ಔಷಧ ರಕ್ತದಲ್ಲಿ ಏರಿ, ಇಸಿಜಿಯಲ್ಲಿ ಕ್ಯೂಟಿ ಅವಧಿ (ಪ್ರತಿ ಬಡಿತದಲ್ಲಿ ಹೃದಯದ ವಿದ್ಯುತ್ ಚಟುವಟಿಕೆಯ ಒಂದು ಅಳತೆ) ಉದ್ದವಾಗಿ, ಹೃದಯದ ಲಯ ಮಾರಕವಾಗಿ ತಪ್ಪುತ್ತಿತ್ತು. 1998ರಲ್ಲಿ ಅದು ಅಲ್ಲಿನ ಮಾರುಕಟ್ಟೆಯಿಂದ ಹೋಯಿತು. ಅದರಿಂದಲೇ ದೇಹದಲ್ಲಿ ಉತ್ಪತ್ತಿಯಾಗುವ, ಹೃದಯಕ್ಕೆ ಆ ತೊಂದರೆ ಕೊಡದ ಫೆಕ್ಸೊಫೆನಡೀನ್ ಅದರ ಜಾಗಕ್ಕೆ ಬಂತು.

ಟ್ರಯಲ್‌ನಲ್ಲಿ ಅಳೆದದ್ದೇನು ಎಂಬುದನ್ನೂ ನೋಡಿ. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಔಷಧಗಳು ಹೃದಯದ ಅಡ್ಡಬಡಿತಗಳನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ಹೃದಯಾಘಾತ ಆಗಿದ್ದವರಲ್ಲಿ ಅವು ಜೀವ ಉಳಿಸುತ್ತವೆಯೇ ಎಂದು ಕಾಸ್ಟ್ ಟ್ರಯಲ್ ಪರೀಕ್ಷಿಸಿದಾಗ, ಪ್ಲಾಸಿಬೊ (ಔಷಧವಿಲ್ಲದ ಹುಸಿ ಮಾತ್ರೆ) ಪಡೆದವರಿಗಿಂತ ಔಷಧ ಪಡೆದವರೇ ಹೆಚ್ಚು ಸತ್ತರು. 1989ರಲ್ಲಿ ಆ ಎರಡೂ ಔಷಧಗಳ ಭಾಗವನ್ನು ನಿಲ್ಲಿಸಬೇಕಾಯಿತು. ಬೇರೆ ಹೃದಯದೋಷ ಇಲ್ಲದ ಕೆಲವು ರೋಗಿಗಳಿಗೆ ಫ್ಲೆಕೈನೈಡ್ ಇಂದಿಗೂ ಉಪಯುಕ್ತ.

ರೊಫೆಕಾಕ್ಸಿಬ್‌ನಲ್ಲಿ ಹೋಲಿಕೆಯೇ ಗೊಂದಲ ತಂದಿತು. 1999ರಲ್ಲಿ ಅನುಮೋದನೆಯಾದ ಈ ನೋವಿನ ಮಾತ್ರೆಯನ್ನು 2000ದಲ್ಲಿ ಪ್ರಕಟವಾದ ವಿಗರ್ ಟ್ರಯಲ್‌ನಲ್ಲಿ ನ್ಯಾಪ್ರಾಕ್ಸೆನ್ ಎಂಬ ಇನ್ನೊಂದು ನೋವಿನ ಮಾತ್ರೆಯ ಜೊತೆ ಹೋಲಿಸಿದಾಗ ಹೃದಯಾಘಾತ ಹೆಚ್ಚಾಗಿ ಕಂಡಿತು. ಪ್ಲಾಸಿಬೊ ಗುಂಪು ಇಲ್ಲದ್ದರಿಂದ, ನ್ಯಾಪ್ರಾಕ್ಸೆನ್ ಹೃದಯವನ್ನು ಕಾಪಾಡಿರಬೇಕು ಎಂದು ವಾದಿಸಲು ಅವಕಾಶ ಉಳಿಯಿತು. ಪ್ಲಾಸಿಬೊ ಇದ್ದ ಇನ್ನೊಂದು ದೀರ್ಘ ಟ್ರಯಲ್‌ನಲ್ಲಿ ದಿನಕ್ಕೆ 25 ಮಿ.ಗ್ರಾಂ ತೆಗೆದುಕೊಂಡವರಿಗೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ ಸುಮಾರು ಎರಡು ಪಟ್ಟು ಎಂದು ಕಂಡ ಮೇಲೆ, 2004ರ ಸೆಪ್ಟೆಂಬರ್‌ನಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು.

ಮಾಹಿತಿ ಚೀಟಿ ಓದುವಾಗ

ಔಷಧದ ಜೊತೆ ಬರುವ ಚೀಟಿಯ ಅಡ್ಡಪರಿಣಾಮಗಳ ಪಟ್ಟಿಯಲ್ಲಿನ ಮಾತುಗಳಿಗೆ ಗೊತ್ತಾದ ಅಳತೆಯಿದೆ. 'ಅತಿ ಸಾಮಾನ್ಯ' ಎಂದರೆ 10ರಲ್ಲಿ ಒಬ್ಬರು ಅಥವಾ ಹೆಚ್ಚು; 'ಸಾಮಾನ್ಯ' 100ರಲ್ಲಿ ಒಬ್ಬರಿಂದ 10ರಲ್ಲಿ ಒಬ್ಬರವರೆಗೆ; 'ಅಸಾಮಾನ್ಯ' 1,000ದಲ್ಲಿ ಒಬ್ಬರಿಂದ 100ರಲ್ಲಿ ಒಬ್ಬರವರೆಗೆ; 'ವಿರಳ' 10,000ದಲ್ಲಿ ಒಬ್ಬರಿಂದ 1,000ದಲ್ಲಿ ಒಬ್ಬರವರೆಗೆ; 'ಅತಿ ವಿರಳ' ಅದಕ್ಕಿಂತ ಕಡಿಮೆ. ಕೆಳಗಿರುವ 'ಪ್ರಮಾಣ ತಿಳಿದಿಲ್ಲ' ಎಂಬ ಸಾಲನ್ನು ದಯವಿಟ್ಟು ಹಾರಿಸಬೇಡಿ. ಅದು ಸಾಮಾನ್ಯವಾಗಿ ಔಷಧ ಮಾರುಕಟ್ಟೆಗೆ ಬಂದ ಮೇಲಿನ ವರದಿಗಳಿಂದ ಸೇರಿದ್ದು. ಎಷ್ಟು ಜನ ಸೇವಿಸಿದರೆಂಬ ಲೆಕ್ಕ ಸರಿಯಾಗಿ ಸಿಗದ ಕಾರಣ ಪ್ರಮಾಣ ಹೇಳಲಾಗಿಲ್ಲ, ಅಷ್ಟೇ. ತೀವ್ರ ಚರ್ಮದ ಪ್ರತಿಕ್ರಿಯೆ, ಲಿವರ್ ವೈಫಲ್ಯದಂಥವು ಅಲ್ಲೇ ಇರಬಹುದು. ಪ್ಲಾಸಿಬೊ ಕಾಲಂ ಇದ್ದರೆ ಅದನ್ನೂ ಓದಿ: ತಲೆನೋವು ಔಷಧದ ಗುಂಪಿನಲ್ಲಿ ಶೇ. 12, ಪ್ಲಾಸಿಬೊದಲ್ಲಿ ಶೇ. 11 ಎಂದಿದ್ದರೆ ಔಷಧದ ಮೇಲೆ ಹೊರಿಸಬಹುದಾದದ್ದು ಹೆಚ್ಚೆಂದರೆ ಆ ಒಂದು.

ಯುರೋಪಿನ ಚೀಟಿಗಳಲ್ಲಿ ತಲೆಕೆಳಗಾದ ಕಪ್ಪು ತ್ರಿಕೋನ ಕಂಡರೆ ಆ ಔಷಧ ಹೆಚ್ಚುವರಿ ನಿಗಾದಲ್ಲಿದೆ ಎಂದರ್ಥ.

ಶಂಕಿತ ಅಡ್ಡಪರಿಣಾಮದ ವರದಿಗೆ ಕನಿಷ್ಠ ನಾಲ್ಕು ಅಂಶ ಬೇಕು: ಗುರುತಿಸಬಹುದಾದ ರೋಗಿ, ವರದಿ ಮಾಡಿದವರು, ಶಂಕಿತ ಔಷಧ, ಆದ ತೊಂದರೆ. ವರದಿ ಉಪಯೋಗಕ್ಕೆ ಬರಬೇಕಾದರೆ ಔಷಧ ಶುರುಮಾಡಿದ ಮತ್ತು ನಿಲ್ಲಿಸಿದ ದಿನಾಂಕ, ಡೋಸ್, ಜೊತೆಯಲ್ಲಿದ್ದ ಔಷಧಗಳು, ನಿಲ್ಲಿಸಿದ ಮೇಲೆ ತೊಂದರೆ ತಗ್ಗಿತೇ ಎಂಬುದನ್ನೂ ಬರೆಯಿರಿ. ಬ್ಯಾಚ್ ಸಂಖ್ಯೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 2018ರಲ್ಲಿ ರಕ್ತದೊತ್ತಡದ ವಾಲ್ಸಾರ್ಟನ್ ಮಾತ್ರೆಗಳನ್ನು ಹಲವು ದೇಶಗಳು ವಾಪಸ್ ತರಿಸಿಕೊಂಡಾಗ ದೋಷ ವಾಲ್ಸಾರ್ಟನ್ ಅಣುವಿನದಾಗಿರಲಿಲ್ಲ. ತಯಾರಿಕೆಯ ವಿಧಾನ ಬದಲಿಸಿದಾಗ ಕ್ಯಾನ್ಸರ್‌ಕಾರಕ ಇರಬಹುದಾದ ಎನ್‌ಡಿಎಂಎ ಎಂಬ ರಾಸಾಯನಿಕ ಅದರಲ್ಲಿ ಸೇರಿಕೊಂಡಿತ್ತು. ಯಾವ ತಯಾರಕರ, ಯಾವ ಬ್ಯಾಚಿನ ಮಾತ್ರೆ ಎಂದು ಗೊತ್ತಿದ್ದರೆ ಮಾತ್ರ ಕೆಟ್ಟದ್ದನ್ನು ಬೇರ್ಪಡಿಸಿ, ಉಳಿದ ಮಾತ್ರೆಗಳನ್ನು ರೋಗಿಗಳಿಗೆ ಮುಂದುವರಿಸಲು ಸಾಧ್ಯ.