ಕಾಂತೆರಾ: ಊರ ಹುಡುಗರನ್ನೇ ನೆಚ್ಚಿದ ಕ್ಲಬ್ಬಿನ ಪದ

ಸ್ಪೇನಿನ ಕ್ರೀಡಾ ಪುಟಗಳಲ್ಲಿ, ಪಂದ್ಯದ ವೀಕ್ಷಕ ವಿವರಣೆಯಲ್ಲಿ, ಕ್ಲಬ್ ಚುನಾವಣೆಯ ಪ್ರಚಾರದಲ್ಲಿ ಮತ್ತೆ ಮತ್ತೆ ಕೇಳಿಬರುವ ಪದ ‘ಕಾಂತೆರಾ’. ಮೂಲ ಅರ್ಥ ಕಲ್ಲುಗಣಿ. ಫುಟ್‌ಬಾಲ್‌ನಲ್ಲಿ ಕ್ಲಬ್ಬಿನ ಕಿರಿಯರ ತಂಡಗಳು, ಅವರ ತರಬೇತಿಯ ಏರ್ಪಾಡು, ಅಲ್ಲಿಂದ ಹೊರಬರುವ ಆಟಗಾರರು, ಇವೆಲ್ಲಕ್ಕೂ ಸೇರಿ ಈ ಹೆಸರು. ಹಾಗೆ ಬೆಳೆದು ಮೊದಲ ತಂಡ ಸೇರಿದವನು ‘ಕಾಂತೆರಾನೊ’. ಬಾರ್ಸಿಲೋನಾದ ಲಾ ಮಾಸಿಯಾ, ರಿಯಲ್ ಮ್ಯಾಡ್ರಿಡ್‌ನ ಲಾ ಫಾಬ್ರಿಕಾ ಎರಡೂ ಕಾಂತೆರಾಗಳೇ.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಪದ ‘ಕಾರ್ತೆರಾ’, ಅಂದರೆ ಹಣದ ಚೀಲ. ಮಕ್ಕಳನ್ನು ಬೆಳೆಸಬೇಕೋ, ದುಡ್ಡು ಕೊಟ್ಟು ತಾರೆಗಳನ್ನು ತರಬೇಕೋ ಎಂಬ ವಾದ ಅಲ್ಲಿ ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. 2000ದ ದಶಕದ ಆರಂಭದಲ್ಲಿ ರಿಯಲ್ ಮ್ಯಾಡ್ರಿಡ್ ಎರಡನ್ನೂ ಬೆರೆಸಲು ಹೋಯಿತು. ಕೊಂಡು ತಂದ ಜಿದಾನ್ ಒಂದು ಕಡೆ, ಮನೆಯಲ್ಲೇ ಬೆಳೆದ ಡಿಫೆಂಡರ್ ಪಾವೋನ್ ಇನ್ನೊಂದು ಕಡೆ. ಆ ನೀತಿಗೆ ‘ಜಿದಾನರು ಮತ್ತು ಪಾವೋನರು’ ಎಂದೇ ಹೆಸರಾಯಿತು. ಜಿದಾನರ ಹೆಸರು ಉಳಿಯಿತು, ಪಾವೋನ್ ಯಾರೆಂದು ಇಂದು ಕೆಲವರಿಗಷ್ಟೇ ಗೊತ್ತು.

ಆದರೆ ಈ ಪದದ ಪೂರ್ತಿ ತೂಕ ಗೊತ್ತಾಗಬೇಕಾದರೆ ಉತ್ತರ ಸ್ಪೇನಿನ ಬಾಸ್ಕ್ ನಾಡಿಗೆ, ಬಿಲ್ಬಾವೊ ಊರಿನ ಅಥ್ಲೆಟಿಕ್ ಕ್ಲಬ್ಬಿಗೆ ಹೋಗಬೇಕು. ಬೇರೆಡೆ ಕಾಂತೆರಾ ಕ್ಲಬ್ಬಿನ ಒಂದು ವಿಭಾಗ, ಇಲ್ಲಿ ಅದೇ ಕ್ಲಬ್ಬು. ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಅಥವಾ ಅಲ್ಲಿನ ಕ್ಲಬ್ಬುಗಳಲ್ಲಿ ಆಟ ಕಲಿತವರು ಮಾತ್ರ ಅಥ್ಲೆಟಿಕ್ ಅಂಗಿ ತೊಡುತ್ತಾರೆ. ಸ್ಪೇನಿನ ಬಿಸ್ಕಾಯಾ, ಗಿಪುಸ್ಕೋವಾ, ಆಲಾವಾ, ನವಾರಾ ಮತ್ತು ಗಡಿಯಾಚೆಯ ಫ್ರಾನ್ಸಿನ ಮೂರು ಬಾಸ್ಕ್ ಪ್ರದೇಶಗಳು ಈ ಲೆಕ್ಕಕ್ಕೆ ಬರುತ್ತವೆ. ಎಲ್ಲ ಸೇರಿಸಿದರೂ ಜನಸಂಖ್ಯೆ ಮೂವತ್ತು ಲಕ್ಷದ ಆಸುಪಾಸು, ಅಂದರೆ ನಮ್ಮ ಬೆಂಗಳೂರಿನ ಒಂದು ಭಾಗದಷ್ಟು. ಇಷ್ಟು ಸಣ್ಣ ನೆಲವನ್ನು ನೆಚ್ಚಿಕೊಂಡ ಕ್ಲಬ್ಬು 1929ರಲ್ಲಿ ಲೀಗ್ ಶುರುವಾದಂದಿನಿಂದ ಒಮ್ಮೆಯೂ ಮೊದಲ ದರ್ಜೆಯಿಂದ ಕೆಳಗಿಳಿದಿಲ್ಲ. ಆ ಮಾತನ್ನು ಹೇಳಬಲ್ಲ ಉಳಿದ ಕ್ಲಬ್ಬುಗಳು ಎರಡೇ: ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ.

ಕ್ಲಬ್ಬಿನ ಹೆಸರು ಇಂಗ್ಲಿಷಿನದು, ಕಾರಣ ಇತಿಹಾಸದಲ್ಲಿದೆ. ಬಿಸ್ಕಾಯಾದ ಕಬ್ಬಿಣದ ಅದಿರಿನ ಬೆನ್ನು ಹತ್ತಿ ಬಂದ ಬ್ರಿಟಿಷ್ ಕೆಲಸಗಾರರು, ಬ್ರಿಟನ್ನಿನಲ್ಲಿ ಓದಿ ಮರಳಿದ ಬಾಸ್ಕ್ ಯುವಕರು ಈ ಆಟವನ್ನು ಊರಿಗೆ ತಂದರು. 1898ರಲ್ಲಿ ಕ್ಲಬ್ಬು ಹುಟ್ಟಿತು. ಮೊದಮೊದಲು ಇಂಗ್ಲಿಷ್ ಆಟಗಾರರೂ ಆಡುತ್ತಿದ್ದರು. 1911ರ ಕೋಪಾದಲ್ಲಿ, ಅಂದರೆ ಸ್ಪೇನಿನ ಕಪ್ ಪಂದ್ಯಾವಳಿಯಲ್ಲಿ, ಅವರನ್ನು ಆಡಿಸಿದ್ದಕ್ಕೆ ಉಳಿದ ತಂಡಗಳು ತಕರಾರು ತೆಗೆದವು. ಅಲ್ಲಿಂದಾಚೆಗೆ ಕ್ಲಬ್ಬು ಊರವರನ್ನೇ ಆಡಿಸತೊಡಗಿತು. ಮೊದಲು ರೂಢಿಯಾಗಿದ್ದದ್ದು ಬರಬರುತ್ತಾ ಹಠವಾಯಿತು. ಕ್ಲಬ್ಬಿನ ಉಪನಿಯಮಗಳಲ್ಲಿ ಇದನ್ನು ಬರೆದಿಟ್ಟಿಲ್ಲ. ನಾಳೆ ಬೆಳಿಗ್ಗೆ ಬ್ರೆಜಿಲ್‌ನಿಂದ ಒಬ್ಬನನ್ನು ಕರೆತಂದರೆ ಯಾವ ನ್ಯಾಯಾಲಯವೂ ತಡೆಯುವುದಿಲ್ಲ. ತಡೆಯುವವರು ಅಭಿಮಾನಿಗಳು. ಅವರು ಇಂದಿಗೂ ಹೇಳುವ ಹಳೆಯ ಮಾತೊಂದಿದೆ: ಕಾಂತೆರಾ ಇದ್ದು, ಅಭಿಮಾನಿ ಬಳಗವೂ ಇದ್ದರೆ, ಆಮದು ಬೇಕಿಲ್ಲ. ಈ ಮಾತಿನಲ್ಲಿ ಅಭಿಮಾನಿಗಳೂ ಸೇರಿರುವುದನ್ನು ಗಮನಿಸಬೇಕು. ನೋಡುವವರಿಗೆ ತಾಳ್ಮೆ ಇಲ್ಲದಿದ್ದರೆ ಬೆಳೆಸುವವರಿಗೆ ಅವಕಾಶವಿರುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಇದನ್ನು ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎಯ ‘ಮನೆಯಲ್ಲಿ ಬೆಳೆದ ಆಟಗಾರ’ ನಿಯಮದೊಂದಿಗೆ ಕಲಸಬಾರದು. ಯುರೋಪಿನ ಪಂದ್ಯಾವಳಿಗಳಿಗೆ 25 ಆಟಗಾರರ ಪಟ್ಟಿ ಕೊಡುವಾಗ ಎಂಟು ಜಾಗ ಅಂಥವರಿಗೆ ಮೀಸಲು. ಅವರಲ್ಲಿ ನಾಲ್ವರು ಅದೇ ಕ್ಲಬ್ಬಿನಲ್ಲಿ ಬೆಳೆದಿರಬೇಕು. 15ರಿಂದ 21ರ ವಯಸ್ಸಿನ ನಡುವೆ ಮೂರು ವರ್ಷ ಕ್ಲಬ್ಬಿನಲ್ಲಿದ್ದರೆ ಸಾಕು, ಹುಡುಗ ಎಲ್ಲಿಂದ ಬಂದನೆಂದು ಯಾರೂ ಕೇಳುವುದಿಲ್ಲ. ಬಾರ್ಸಿಲೋನಾದ ಲಾ ಮಾಸಿಯಾದಲ್ಲಿ ಆಟ ಕಲಿತು 2003ರಲ್ಲಿ ಹದಿನಾರರ ವಯಸ್ಸಿಗೆ ಲಂಡನ್ನಿಗೆ ಹೋದ ಸೆಸ್ಕ್ ಫಾಬ್ರೆಗಾಸ್ ಈ ಲೆಕ್ಕದಲ್ಲಿ ಆರ್ಸೆನಲ್ ಬೆಳೆಸಿದ ಹುಡುಗ. ಕಾಗದದ ಮೇಲೆ ಸರಿ, ಆದರೆ ಅವನನ್ನು ಆರ್ಸೆನಲ್‌ನ ಕಾಂತೆರಾನೊ ಎಂದು ಬಿಲ್ಬಾವೊದಲ್ಲಿ ಯಾರೂ ಕರೆಯಲಾರರು.

ಬಿಲ್ಬಾವೊ ಪಕ್ಕದ ಲೆಸಾಮಾ ಎಂಬ ಹಸಿರು ಕಣಿವೆಯ ಊರಿನಲ್ಲಿ 1971ರಿಂದ ಕ್ಲಬ್ಬಿನ ತರಬೇತಿ ಕೇಂದ್ರವಿದೆ. ಹತ್ತು-ಹನ್ನೊಂದರ ಮಕ್ಕಳಿಂದ ಹಿಡಿದು ಮೊದಲ ತಂಡದವರೆಗೆ ಎಲ್ಲರೂ ಅಲ್ಲೇ ಅಭ್ಯಾಸ ಮಾಡುತ್ತಾರೆ. ಕಿರಿಯರ ತಂಡಗಳಿಂದ ಬಾಸ್ಕೋನಿಯಾ, ಅಲ್ಲಿಂದ ಬಿಲ್ಬಾವೊ ಅಥ್ಲೆಟಿಕ್ ಎಂಬ ಎರಡನೆಯ ತಂಡ, ಆಮೇಲೆ ಮೊದಲ ತಂಡ ಎಂಬುದು ದಾರಿ. 2013ರಲ್ಲಿ ಕ್ಲಬ್ಬಿನ ಹಳೆಯ ಸಾನ್ ಮಾಮೆಸ್ ಕ್ರೀಡಾಂಗಣವನ್ನು ಕೆಡವಿದಾಗ ಅದರ ಮುಖ್ಯ ಚಾವಣಿಯನ್ನು ಹೊತ್ತಿದ್ದ ದೊಡ್ಡ ಬಿಳಿ ಕಮಾನನ್ನು ಗುಜರಿಗೆ ಹಾಕಲಿಲ್ಲ. ಈಗ ಅದು ಲೆಸಾಮಾದ ಮೈದಾನದ ಬದಿಯಲ್ಲಿ ನಿಂತಿದೆ. ಹತ್ತು ವರ್ಷದ ಹುಡುಗ ಪಾಸ್ ಕೊಡುವುದನ್ನು ಕಲಿಯುವಾಗ ತಲೆಯೆತ್ತಿದರೆ, ಅವನ ಅಜ್ಜ ಪಂದ್ಯ ನೋಡುತ್ತಿದ್ದ ಕ್ರೀಡಾಂಗಣದ ಕಮಾನು ಕಾಣುತ್ತದೆ. ಯುವ ಆಟಗಾರರ ತರಬೇತಿ ಕುರಿತ ಎಷ್ಟೋ ವರದಿಗಳಲ್ಲಿ ವ್ಯಾಯಾಮ, ಆಹಾರ, ದತ್ತಾಂಶದ ಮಾತು ಬರುತ್ತದೆ. ಅವೆಲ್ಲ ಲೆಸಾಮಾದಲ್ಲೂ ಇವೆ. ಈ ಕಮಾನು ಮಾತ್ರ ಬೇರೆಲ್ಲೂ ಇಲ್ಲ.

ಹೊಸ ಸಾನ್ ಮಾಮೆಸ್‌ನಲ್ಲೂ ಒಂದು ಹಳೆಯ ಪದ್ಧತಿ ಉಳಿದುಕೊಂಡಿದೆ. 1913ರಲ್ಲಿ ಹಳೆಯ ಮೈದಾನದ ಮೊದಲ ಗೋಲು ಹೊಡೆದು, 1922ರಲ್ಲಿ ಇಪ್ಪತ್ತೊಂಬತ್ತರ ವಯಸ್ಸಿಗೇ ತೀರಿಕೊಂಡ ಅಥ್ಲೆಟಿಕ್ ಆಟಗಾರ ಪಿಚಿಚಿಯ ಎದೆಮಟ್ಟದ ಪ್ರತಿಮೆ ಅಲ್ಲಿದೆ. ಯಾವುದೇ ತಂಡ ಮೊದಲ ಬಾರಿಗೆ ಆಡಲು ಬಂದಾಗ ಅದರ ನಾಯಕ ಪ್ರತಿಮೆಗೆ ಹೂಗುಚ್ಛ ಇಡುತ್ತಾನೆ. ಸ್ಪೇನಿನ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಪ್ರಶಸ್ತಿಗೂ ಅವನದೇ ಹೆಸರು.

ಇನ್ನು ದುಡ್ಡಿನ ಮಾತು. ಸ್ಪೇನಿನಲ್ಲಿ ಆಟಗಾರನ ಒಪ್ಪಂದದಲ್ಲಿ ಬಿಡುಗಡೆ ಮೊತ್ತ ಬರೆದಿರುವುದು ವಾಡಿಕೆ. ಅಷ್ಟು ಕಟ್ಟಿದರೆ ಕ್ಲಬ್ಬು ತಡೆಯುವಂತಿಲ್ಲ. ಅಥ್ಲೆಟಿಕ್ ತಾನಾಗಿ ಮಾರಲು ಹೋಗುವುದಿಲ್ಲ, ಪೂರ್ತಿ ಮೊತ್ತ ಇಟ್ಟು ಕರೆದುಕೊಂಡು ಹೋಗಿ ಎನ್ನುತ್ತದೆ. 2012ರಲ್ಲಿ ಹಾವಿ ಮಾರ್ಟಿನೆಸ್‌ಗಾಗಿ ಬಯರ್ನ್ ಮ್ಯೂನಿಕ್ 4 ಕೋಟಿ ಯೂರೊ ಕಟ್ಟಿತು. 2018ರ ಜನವರಿಯಲ್ಲಿ ಲಾಪೋರ್ಟ್‌ಗಾಗಿ ಮ್ಯಾಂಚೆಸ್ಟರ್ ಸಿಟಿ ಆರೂವರೆ ಕೋಟಿ, ಅದೇ ಆಗಸ್ಟ್‌ನಲ್ಲಿ ಗೋಲ್‌ಕೀಪರ್ ಕೆಪಾಗಾಗಿ ಚೆಲ್ಸಿ 8 ಕೋಟಿ ಕಟ್ಟಿದವು. ಬೇರೆ ಕ್ಲಬ್ಬಿಗಾದರೆ ಇದು ಹಬ್ಬ. ಇವರಿಗೆ ಆ ದುಡ್ಡಿನಿಂದ ಕೊಳ್ಳಲು ಸಂತೆಯೇ ಇಲ್ಲ. ಲಾಪೋರ್ಟ್ ಹೋದ ವಾರದಲ್ಲೇ ನೆರೆಯ ರಿಯಲ್ ಸೊಸಿಯೆಡಾಡ್‌ನ ಡಿಫೆಂಡರ್ ಇನ್ಯಿಗೊ ಮಾರ್ಟಿನೆಸ್‌ನನ್ನು ಸುಮಾರು 3.2 ಕೋಟಿ ಕಟ್ಟಿ ತಂದರು. ಅತ್ತ ಸೊಸಿಯೆಡಾಡ್‌ನ ಊರಾದ ಸಾನ್ ಸೆಬಾಸ್ಟಿಯನ್‌ನಲ್ಲಿ ಜನ ಕೊತಕೊತ ಕುದಿದರು.

ಅಥ್ಲೆಟಿಕ್ ಬಗ್ಗೆ ನನಗಿರುವ ದೊಡ್ಡ ಅಸಮಾಧಾನವೂ ಇದೇ. ಬಾಸ್ಕ್ ನಾಡಿನಲ್ಲಿ ಕಾಂತೆರಾ ಕಟ್ಟಿಕೊಂಡವರು ಇವರೊಬ್ಬರೇ ಅಲ್ಲ. ರಿಯಲ್ ಸೊಸಿಯೆಡಾಡ್‌ಗೆ ಸುಬಿಯೆಟಾ ತರಬೇತಿ ಕೇಂದ್ರ ಇದೆ, ಪಾಂಪ್ಲೋನಾದ ಒಸಾಸುನಾಗೆ ತಾಹೋನಾರ್ ಇದೆ. ಅಲ್ಲಿ ಅರಳಿದ ಹುಡುಗರನ್ನು ಹೆಚ್ಚು ದುಡ್ಡಿರುವ ಅಥ್ಲೆಟಿಕ್ ಎತ್ತಿಕೊಂಡು ಹೋಗುತ್ತದೆ. 1995ರಲ್ಲಿ ಹದಿನೇಳರ ಹೊಸೆಬಾ ಎಚೆಬೆರಿಯಾನನ್ನು ಸೊಸಿಯೆಡಾಡ್‌ನಿಂದ 55 ಕೋಟಿ ಪೆಸೆಟಾ ಕಟ್ಟಿ ತಂದಾಗ ಎರಡು ಕ್ಲಬ್ಬುಗಳ ಸಂಬಂಧವೇ ಮುರಿದುಬಿತ್ತು. ತನ್ನ ಗಣಿಯ ಬಗ್ಗೆ ಹೆಮ್ಮೆ ಪಡುವ ಕ್ಲಬ್ಬು ನೆರೆಯವರ ಗಣಿಯನ್ನೂ ಗೌರವಿಸಬೇಕು. ಹಾಗೆ ಬಂದ ಎಚೆಬೆರಿಯಾನೇ ಹದಿನೈದು ವರ್ಷ ಅಲ್ಲಿ ಆಡಿ, ಕೊನೆಯ ಋತುವನ್ನು ಸಂಬಳವಿಲ್ಲದೆ ಆಡಿದ ಎಂಬುದೂ ನಿಜ. 2018ರಲ್ಲಿ ಅಥ್ಲೆಟಿಕ್ ಆಟಗಾರ ಇಕೆರ್ ಮುನಿಯಾಯಿನ್ ತನ್ನ ಹೊಸ ಒಪ್ಪಂದದಲ್ಲಿ ಬಿಡುಗಡೆ ಮೊತ್ತವೇ ಬೇಡವೆಂದು ಸಹಿ ಹಾಕಿದ. ಕ್ಲಬ್ಬು ಒಪ್ಪದೆ ತನ್ನನ್ನು ಯಾರೂ ಕರೆದೊಯ್ಯಲಾಗದಂತೆ ಬಾಗಿಲನ್ನು ತಾನೇ ಹಾಕಿಕೊಂಡ.

ಇಂಥ ನೀತಿ ಶತಮಾನ ದಾಟಿ ಉಳಿಯಲು ಕ್ಲಬ್ಬಿನ ಒಡೆತನವೂ ಕಾರಣ. ಸ್ಪೇನಿನ 1990ರ ಕ್ರೀಡಾ ಕಾಯ್ದೆ ಸಾಲದಲ್ಲಿ ಮುಳುಗಿದ್ದ ವೃತ್ತಿಪರ ಕ್ಲಬ್ಬುಗಳನ್ನು ಷೇರು ಕಂಪನಿಗಳನ್ನಾಗಿ ಮಾಡಿತು. ಲೆಕ್ಕಪತ್ರ ನೇರವಾಗಿದ್ದ ನಾಲ್ಕಕ್ಕೆ ವಿನಾಯಿತಿ ಸಿಕ್ಕಿತು: ಅಥ್ಲೆಟಿಕ್, ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್, ಒಸಾಸುನಾ. ಈ ನಾಲ್ಕೂ ಇಂದಿಗೂ ‘ಸೋಸಿಯೊ’ಗಳ, ಅಂದರೆ ಸದಸ್ಯರ ಕ್ಲಬ್ಬುಗಳು. ಅಥ್ಲೆಟಿಕ್‌ಗೆ ನಲವತ್ತು ಸಾವಿರಕ್ಕೂ ಹೆಚ್ಚು ಸೋಸಿಯೊಗಳಿದ್ದಾರೆ. ಅಧ್ಯಕ್ಷನನ್ನು ಆರಿಸುವವರು ಅವರೇ. 2018ರ ಡಿಸೆಂಬರ್‌ನಲ್ಲಿ ಊರಿನ ಬಾಣಸಿಗ ಐತೋರ್ ಎಲಿಸೆಗಿ ಕೇವಲ 85 ಮತಗಳ ಅಂತರದಿಂದ ಗೆದ್ದು ಅಧ್ಯಕ್ಷರಾದರು. ಕೊಲ್ಲಿ ದೇಶದ ನಿಧಿಯೋ ಅಮೆರಿಕದ ಹೂಡಿಕೆದಾರನೋ ಒಡೆಯನಾಗಿದ್ದರೆ ಮೊದಲ ಸೋಲಿನ ಸಾಲಿನಲ್ಲೇ ಕಾಂತೆರಾ ನೀತಿ ಕಸದ ಬುಟ್ಟಿ ಸೇರುತ್ತಿತ್ತು. ನಮ್ಮ ಊರಿನ ಹೆಸರಿಟ್ಟುಕೊಂಡ ಐಪಿಎಲ್ ತಂಡದ ಹನ್ನೊಂದರಲ್ಲಿ ಕರ್ನಾಟಕದವರು ಎಷ್ಟು ಮಂದಿ ಎಂದು ಪ್ರತಿ ಹರಾಜಿನ ಮರುದಿನ ನಾವು ಕೇಳುತ್ತೇವೆ. ಕೇಳಬೇಕಾದದ್ದೇ. ಆದರೆ ಆ ಪ್ರಶ್ನೆಗೆ ಬಲ ಬರಬೇಕಾದರೆ ಕೈಯಲ್ಲಿ ಮತ ಇರಬೇಕು.

‘ಊರವರು’ ಎಂದರೆ ಯಾರು? ಇಲ್ಲಿ ಈ ಪದಕ್ಕೆ ಒಂದು ಕಪ್ಪುಚುಕ್ಕೆ ಇದೆ. ಮಿಗೆಲ್ ಜೋನ್ಸ್ ಹುಟ್ಟಿದ್ದು ಆಗ ಸ್ಪೇನಿನ ವಸಾಹತಾಗಿದ್ದ, ಈಗಿನ ಈಕ್ವಟೋರಿಯಲ್ ಗಿನಿಯಲ್ಲಿ. ಚಿಕ್ಕಂದಿನಲ್ಲೇ ಬಿಲ್ಬಾವೊಗೆ ಬಂದು ಅಲ್ಲಿಯೇ ಬೆಳೆದು, ಅಲ್ಲಿನ ಇಂದೌಚು ಕ್ಲಬ್ಬಿನಲ್ಲಿ ಆಡಿದ. 1950ರ ದಶಕದಲ್ಲಿ ಅಥ್ಲೆಟಿಕ್ ಅವನನ್ನು ಪರೀಕ್ಷಿಸಿ, ಬಾಸ್ಕ್ ನೆಲದಲ್ಲಿ ಹುಟ್ಟಿದವನಲ್ಲವೆಂದು ಬಿಟ್ಟಿತು. ಅವನು ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿ 1962ರ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಗೋಲು ಹೊಡೆದ. ಅವನ ಮೈಬಣ್ಣವೂ ಕಾರಣವಾಗಿತ್ತೇ ಎಂಬ ಚರ್ಚೆ ಬಿಲ್ಬಾವೊದಲ್ಲಿ ಬಹಳ ಕಾಲ ನಡೆದಿದೆ. ಕಾರಣ ಏನೇ ಇರಲಿ, ಅದು ಅನ್ಯಾಯ. ಊರಿನಲ್ಲಿ ಆಟ ಕಲಿತವನೂ ಊರವನೇ ಎಂಬ ಇಂದಿನ ಅರ್ಥದಲ್ಲಿ ಜೋನ್ಸ್‌ಗೆ ಅಡ್ಡಿಯೇ ಇರುತ್ತಿರಲಿಲ್ಲ.

ಇಂದು ಕ್ಲಬ್ಬಿನ ಮುಖವಾಗಿರುವವರು ಇನ್ಯಾಕಿ ಮತ್ತು ನಿಕೊ ವಿಲಿಯಮ್ಸ್ ಸಹೋದರರು. ಅವರ ತಂದೆತಾಯಿ ಘಾನಾದಿಂದ ಹೊರಟು, ಸಹಾರಾ ಮರುಭೂಮಿಯನ್ನು ಬಹುಪಾಲು ನಡೆದೇ ದಾಟಿ ಸ್ಪೇನ್ ಸೇರಿದವರು. ಇನ್ಯಾಕಿ ಬಿಲ್ಬಾವೊದಲ್ಲಿ, ನಿಕೊ ಪಾಂಪ್ಲೋನಾದಲ್ಲಿ ಹುಟ್ಟಿದರು. 2015ರಲ್ಲಿ ಇನ್ಯಾಕಿ ಗೋಲು ಹೊಡೆದಾಗ, ಕ್ಲಬ್ಬಿನ ಪರವಾಗಿ ಗೋಲು ಹೊಡೆದ ಮೊದಲ ಕಪ್ಪು ಆಟಗಾರನಾದ. ಆಮೇಲೆ 2016ರಿಂದ 2023ರವರೆಗೆ ಒಂದೂ ತಪ್ಪದಂತೆ 251 ಲೀಗ್ ಪಂದ್ಯಗಳಲ್ಲಿ ಕಣಕ್ಕಿಳಿದ. ಸ್ಪೇನಿನಲ್ಲಿ ಅದು ದಾಖಲೆ. ಅಣ್ಣ ಘಾನಾ ಪರವಾಗಿ, ತಮ್ಮ ಸ್ಪೇನ್ ಪರವಾಗಿ ಆಡುತ್ತಾರೆ. ಕಾಂತೆರಾ ಎಂದರೆ ರಕ್ತದ ಮಾತು ಎನ್ನುವವರಿಗೆ ಈ ಮನೆಯನ್ನು ತೋರಿಸಬೇಕು.

ಅಭಿಮಾನಿಗಳು ಇದಕ್ಕೆಲ್ಲ ತೆತ್ತ ಬೆಲೆ ಸಣ್ಣದಲ್ಲ. 1984ರಲ್ಲಿ ಲೀಗ್ ಮತ್ತು ಕೋಪಾ ಎರಡನ್ನೂ ಗೆದ್ದ ಮೇಲೆ ದೊಡ್ಡ ಪ್ರಶಸ್ತಿ ಬರಲು ನಲವತ್ತು ವರ್ಷ ಹಿಡಿಯಿತು. 2009, 2012, 2015ರ ಕೋಪಾ ಫೈನಲ್‌ಗಳಲ್ಲಿ ಬಾರ್ಸಿಲೋನಾ ಎದುರು ಸೋಲು. 2020ರ ಫೈನಲ್ ಇನ್ನೂ ನೋವಿನದು. ಎದುರಾಳಿ ರಿಯಲ್ ಸೊಸಿಯೆಡಾಡ್. ಕೊರೊನಾ ಕಾಲದಲ್ಲಿ ಖಾಲಿ ಕ್ರೀಡಾಂಗಣದಲ್ಲಿ ಆಡುವುದು ಬೇಡ, ಜನ ಬರುವವರೆಗೆ ಕಾಯೋಣ ಎಂದು ಎರಡೂ ಕ್ಲಬ್ಬುಗಳು ಒಪ್ಪಿ ಪಂದ್ಯ ಮುಂದೂಡಿದವು. ಒಂದು ವರ್ಷ ಕಾದರೂ ಜನ ಬರುವಂತಾಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಖಾಲಿ ಗ್ಯಾಲರಿಗಳ ಮುಂದೆ ಆಡಿ ಸೋತರು. ಎರಡು ವಾರದಲ್ಲಿ ಆ ವರ್ಷದ ಫೈನಲ್‌ನಲ್ಲೂ ಬಾರ್ಸಿಲೋನಾಗೆ ಸೋತರು.

2024ರ ಏಪ್ರಿಲ್ 6ರಂದು ಸೆವಿಯಾದಲ್ಲಿ ನಡೆದ ಕೋಪಾ ಫೈನಲ್‌ನಲ್ಲಿ ಮಯೋರ್ಕಾ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದಾಗ ನಡುರಾತ್ರಿ ಇಲ್ಲಿ ಟಿ.ವಿ. ಮುಂದೆ ಕುಳಿತಿದ್ದ ನಮಗೂ ಗಂಟಲು ಕಟ್ಟಿತು. ಐದು ದಿನಗಳ ನಂತರ, 1984ರಿಂದ ಮೊದಲ ತಂಡವನ್ನು ಹೊತ್ತಿರದ ‘ಗಬಾರ್ರಾ’ ಎಂಬ, ಗೆಲುವಿನ ಮೆರವಣಿಗೆಯ ಸರಕು ದೋಣಿ ಆಟಗಾರರನ್ನು ಹೊತ್ತು ನದಿಯಲ್ಲಿ ಸಾಗಿತು. ದಡದುದ್ದಕ್ಕೂ ಲಕ್ಷಾಂತರ ಜನ ನೆರೆದಿದ್ದರು. ದೋಣಿ ಸಾನ್ ಮಾಮೆಸ್ ಎದುರು ಬಂದಾಗ ಆಟಗಾರರು ನೀರಿಗೆ ಹೂವಿನ ಎಸಳು ಎರಚಿದರು, ಈ ದಿನ ಕಾಣದೆ ತೀರಿಹೋದ ಅಭಿಮಾನಿಗಳ ನೆನಪಿಗೆ.

ಅದೇ ಪ್ರೀತಿ ಹುಡುಗರ ಮೇಲೆ ಭಾರವೂ ಆಗುತ್ತದೆ. 2025ರ ಬೇಸಿಗೆಯಲ್ಲಿ ನಿಕೊ ಬಾರ್ಸಿಲೋನಾಗೆ ಹೋಗುತ್ತಾನೆಂಬ ಸುದ್ದಿ ಹಬ್ಬಿದಾಗ, ಸಹೋದರರಿಬ್ಬರ ಗೋಡೆಚಿತ್ರದಲ್ಲಿ ಅವನ ಮುಖಕ್ಕೆ ಯಾರೋ ಬಣ್ಣ ಬಳಿದರು. ಆಗ ಅವನಿಗಿನ್ನೂ ಇಪ್ಪತ್ತೆರಡು. ಊರ ಹುಡುಗ ಎಂದರೆ ಊರಿನ ಆಸ್ತಿ ಎಂದು ತಿಳಿಯುವುದು ತಪ್ಪು. ಹೋಗುವ ಸ್ವಾತಂತ್ರ್ಯ ಇದ್ದಾಗಲೇ ಉಳಿದುಕೊಂಡದ್ದಕ್ಕೆ ಬೆಲೆ. ಜುಲೈ ಮೊದಲ ವಾರದಲ್ಲಿ ನಿಕೊ 2035ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿದ.