ಇಲಿ, ಚಕ್ರ ಮತ್ತು ಒಂದು ಬೀಪ್

'ದೊಡ್ಡ ಕುರ್ಚಿಗೆ ದೊಡ್ಡ ಟೆನ್ಷನ್' ಅನ್ನುವುದು ಆಫೀಸುಗಳಲ್ಲಿ ಯಾರೂ ಪ್ರಶ್ನೆ ಮಾಡದ ನಂಬಿಕೆ. ಮ್ಯಾನೇಜರ್‌ಗೆ ಬಿಪಿ, ಅವರ ಮೇಲಿನವರಿಗೆ ಶುಗರ್, ಅದಕ್ಕೂ ಮೇಲಿನವರಿಗೆ ಎರಡೂ. ಹೇಳಿದ್ದನ್ನು ಮಾಡಿ ಸಂಜೆ ಕ್ಯಾಬ್ ಹತ್ತುವವರಿಗೆ ಏನಂತೆ ಚಿಂತೆ? ಈ ಮಾತಿಗೆ ವಿಜ್ಞಾನದ ಮುದ್ರೆ ಒತ್ತಿಕೊಟ್ಟಿದ್ದು ನಾಲ್ಕು ಜೋಡಿ ಕೋತಿಗಳು.

1958ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯ ಜೋಸೆಫ್ ಬ್ರೇಡಿ ಈ ಕೋತಿಗಳ ಕಥೆ ಪ್ರಕಟಿಸಿದರು. ಕೋತಿಗಳನ್ನು ಜೋಡಿ ಜೋಡಿಯಾಗಿ ಕುರ್ಚಿಗೆ ಕಟ್ಟಿ ಕೂರಿಸಿದ್ದರು. ಎರಡರ ಮುಂದೆಯೂ ಒಂದೊಂದು ಹಿಡಿಕೆ. ಮೊದಲನೆಯದು 20 ಸೆಕೆಂಡಿಗೊಮ್ಮೆಯಾದರೂ ಹಿಡಿಕೆ ಒತ್ತಿದರೆ ಕರೆಂಟ್ ಹೊಡೆಯುವುದಿಲ್ಲ. ತಡವಾದರೆ ಎರಡಕ್ಕೂ ಹೊಡೆಯುತ್ತದೆ. ಎರಡನೆಯದರ ಹಿಡಿಕೆ ಬರೀ ನೆಪಕ್ಕೆ. ಅಂದರೆ ಮೊದಲನೆಯದು ಎಕ್ಸಿಕ್ಯುಟಿವ್, ಎರಡನೆಯದು ಪಾಪದ ನೌಕರ. ಕೊನೆಗೆ ಹೊಟ್ಟೆಯಲ್ಲಿ ಹುಣ್ಣಾಗಿದ್ದು ನಾಲ್ಕೂ ಎಕ್ಸಿಕ್ಯುಟಿವ್‌ಗಳಿಗೆ. ನೌಕರರೆಲ್ಲ ಆರಾಮ. ಬಾಸುಗಳಿಗೆ ಇದಕ್ಕಿಂತ ಸಿಹಿಸುದ್ದಿ ಬೇಕೇ!

ಆದರೆ ಬುಡದಲ್ಲೇ ಎಡವಟ್ಟಾಗಿತ್ತು. ಯಾವ ಕೋತಿ ಎಕ್ಸಿಕ್ಯುಟಿವ್ ಆಗಬೇಕು ಅಂತ ಚೀಟಿ ಎತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಯಾವುದು ಹಿಡಿಕೆಯನ್ನು ಜಾಸ್ತಿ ಒತ್ತಿತೋ ಅದಕ್ಕೇ ಬಡ್ತಿ ಕೊಟ್ಟಿದ್ದರು. ಮೊದಲೇ ಚಡಪಡಿಸುವ ಕೋತಿಗಳೆಲ್ಲ ಒಂದು ಕಡೆ ಸೇರಿಕೊಂಡವು. ಹುಣ್ಣಾಗಿದ್ದು ಹುದ್ದೆಯಿಂದಲೋ ಸ್ವಭಾವದಿಂದಲೋ ಹೇಳಲು ದಾರಿಯೇ ಉಳಿಯಲಿಲ್ಲ. ಪ್ರಯೋಗ ಬಿದ್ದುಹೋಯಿತು. ನಂಬಿಕೆ ಮಾತ್ರ ಇವತ್ತಿಗೂ ಗಟ್ಟಿಯಾಗಿದೆ.

ಸುಮಾರು ಹತ್ತು ವರ್ಷದ ನಂತರ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೇ ವೈಸ್ ಇದನ್ನೇ ಇಲಿಗಳ ಮೇಲೆ ಸರಿಯಾಗಿ ಮಾಡಿ ನೋಡಿದರು. ನನ್ನ ಮಟ್ಟಿಗೆ, ಕಚೇರಿ ಜೀವನದ ಬಗ್ಗೆ ನಡೆದ ಅತ್ಯಂತ ಚೆಂದದ ಪ್ರಯೋಗ ಇದು. ಅದರಲ್ಲಿ ಕಚೇರಿಯೇ ಇಲ್ಲ ಅನ್ನುವುದು ಬೇರೆ ಮಾತು. ಮೂರು ಇಲಿ, ಮೂರು ಪೆಟ್ಟಿಗೆ. ಯಾವ ಇಲಿ ಎಲ್ಲಿಗೆ ಅನ್ನುವುದು ಈ ಸಲ ಚೀಟಿ ಎತ್ತಿದ ಹಾಗೆ, ಅದೃಷ್ಟದ ಲೆಕ್ಕ. ಮೊದಲ ಎರಡು ಇಲಿಗಳ ಬಾಲಕ್ಕೆ ಒಂದೇ ತಂತಿ. ಒಂದರ ಬಾಲದಿಂದ ಹೊರಟ ಕರೆಂಟೇ ಇನ್ನೊಂದರ ಬಾಲಕ್ಕೆ ಹೋಗುತ್ತದೆ. ಹಾಗಾಗಿ ಇಬ್ಬರಿಗೂ ಬೀಳುವ ಏಟು ಒಂದೇ ಹೊತ್ತಿಗೆ, ಒಂದೇ ಜೋರು. ಮೂರನೆಯದಕ್ಕೆ ಏಟೇ ಇಲ್ಲ. ಮೂಗಿನ ಮುಂದೆ ಒಂದು ಪುಟ್ಟ ಚಕ್ರ. ಮೊದಲ ಇಲಿ ಚಕ್ರ ತಿರುಗಿಸಿದರೆ ಏಟು ತಪ್ಪುತ್ತದೆ. ಎರಡನೆಯದು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ.

ಫಲಿತಾಂಶ ಬ್ರೇಡಿ ಹೇಳಿದ್ದಕ್ಕೆ ಪೂರ್ತಿ ತದ್ವಿರುದ್ಧ. ಹುಣ್ಣು ಜಾಸ್ತಿಯಾಗಿದ್ದು ಎರಡನೆಯ ಇಲಿಗೆ, ಅಂದರೆ ಚಕ್ರಕ್ಕೂ ಏಟಿಗೂ ಸಂಬಂಧವೇ ಇಲ್ಲದ ಇಲಿಗೆ. ನೋವು ಇಬ್ಬರಿಗೂ ಸರಿಸಮ ಅನ್ನುವುದನ್ನು ಮರೆಯಬೇಡಿ.

ವೈಸ್ ಇಷ್ಟಕ್ಕೇ ನಿಲ್ಲಿಸಿದ್ದರೆ 'ಅಧಿಕಾರ ಇದ್ದವರಿಗೆ ಸುಖ' ಅನ್ನುವ ಸಪ್ಪೆ ಪಾಠ ಸಿಗುತ್ತಿತ್ತು. ಅವರು ನಿಲ್ಲಿಸಲಿಲ್ಲ. ಏಟಿಗೆ ಮುಂಚೆ ಒಂದು ಸದ್ದು ಮಾಡಿ ಎಚ್ಚರಿಕೆ ಕೊಟ್ಟರು. ಹುಣ್ಣು ಕಡಿಮೆಯಾಯಿತು, ಏನೂ ಮಾಡಲಾಗದ ಇಲಿಗೂ ಕೂಡ. ಸದ್ದಿಲ್ಲದಿದ್ದರೆ ಈಗ ಏಟಿಲ್ಲ ಅಂತ ಅದಕ್ಕೆ ಗೊತ್ತಾಗುತ್ತದೆ, ಅಷ್ಟು ಹೊತ್ತು ಉಸಿರು ಬಿಡಬಹುದು. ಮುಂದಿನದು ಇನ್ನೂ ಸ್ವಾರಸ್ಯ. ಚಕ್ರ ತಿರುಗಿಸಿದ ತಕ್ಷಣ ಒಂದು ಬೀಪ್ ಕೇಳಿಸುವಂತೆ ಮಾಡಿದರು. ಏಟು ಹೇಗೂ ತಪ್ಪುತ್ತಿತ್ತು. ಬೀಪ್ ಹೊಸದಾಗಿ ಏನನ್ನೂ ಕೊಡಲಿಲ್ಲ. 'ಆಯ್ತು, ನೀನು ಮಾಡಿದ್ದು ಸರಿ' ಅನ್ನುವ ಸುದ್ದಿ ಮಾತ್ರ ಕೊಟ್ಟಿತು. ಅಷ್ಟಕ್ಕೇ ಹುಣ್ಣು ಚೆನ್ನಾಗಿ ಇಳಿಯಿತು.

ಕೊನೆಯ ಪ್ರಯೋಗ ಕ್ರೂರ. ಇಲಿಗಳು ಚಕ್ರ ತಿರುಗಿಸುವುದನ್ನು ಚೆನ್ನಾಗಿ ಕಲಿತ ಮೇಲೆ, ತಿರುಗಿಸಿದಾಗೆಲ್ಲ ಒಂದು ಸಣ್ಣ ಏಟು ಕೊಟ್ಟರು. ತಿರುಗಿಸದಿದ್ದರೂ ಏಟು, ತಿರುಗಿಸಿದರೂ ಏಟು. ಆಗ ಲೆಕ್ಕ ತಲೆಕೆಳಗಾಯಿತು. ಹಿಡಿತ ಇದ್ದ ಇಲಿಯ ಹೊಟ್ಟೆ ಅಸಹಾಯಕ ಇಲಿಯದಕ್ಕಿಂತ ಕೆಟ್ಟುಹೋಯಿತು.

ಇದೆಲ್ಲವನ್ನೂ ವೈಸ್ ಎರಡು ಸಂಗತಿಗಳಿಗೆ ಇಳಿಸಿದರು. ಪ್ರಾಣಿ ಎಷ್ಟು ಸಲ ಪ್ರಯತ್ನ ಮಾಡುತ್ತದೆ? ಪ್ರತಿ ಪ್ರಯತ್ನಕ್ಕೆ ಅದು ಉಪಯೋಗಕ್ಕೆ ಬಂತೋ ಇಲ್ಲವೋ ಅನ್ನುವ ಸುದ್ದಿ ಎಷ್ಟು ವಾಪಸ್ ಬರುತ್ತದೆ? ಪ್ರಯತ್ನ ಹೆಚ್ಚಿದಷ್ಟೂ ಹುಣ್ಣು ಹೆಚ್ಚು. ಸುದ್ದಿ ಹೆಚ್ಚಿದಷ್ಟೂ ಹುಣ್ಣು ಕಡಿಮೆ. ಅಂದರೆ ಸುಮ್ನೆ ಕೈಕಟ್ಟಿ ಕೂತ ಇಲಿ ಕೂಡ ಒಂದು ಮಟ್ಟಿಗೆ ಬಚಾವ್. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಯಾರದು ಗೊತ್ತಾ? ಒಂದೇ ಸಮನೆ ಚಕ್ರ ತಿರುಗಿಸುತ್ತಿರುವ, ಆದರೆ ಬೀಪ್ ಕೇಳಿಸದ ಇಲಿಯದು.

ಇದನ್ನು ಓದುವಾಗ ನಿಮ್ಮ ಟೀಮಿನ ಯಾರದೋ ಮುಖ ನೆನಪಾಯಿತು, ಅಲ್ವಾ?

ಇಲಿಯಿಂದ ಮನುಷ್ಯನಿಗೆ ಒಂದೇ ನೆಗೆತಕ್ಕೆ ಹಾರಬಾರದು, ಒಪ್ಪುತ್ತೇನೆ. ಹುಣ್ಣಿನ ವಿಷಯದಲ್ಲಂತೂ ಖಂಡಿತ ಕೂಡದು. ಮನುಷ್ಯರ ಹೊಟ್ಟೆಹುಣ್ಣಿಗೆ ಬಹುಪಾಲು ಕಾರಣ ಟೆನ್ಷನ್ ಅಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಂತ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿಕೊಟ್ಟರು. ಜನ ನಂಬಲಿಲ್ಲ ಅಂತ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡರು. 2005ರಲ್ಲಿ ನೊಬೆಲ್ ಬಂತು. ಹಾಗಾಗಿ ಅಪ್ರೈಸಲ್ ಮುಗಿದ ಮೇಲೆ ಹೊಟ್ಟೆ ಉರಿದರೆ ಮ್ಯಾನೇಜರ್ ಮೇಲೆ ಹಾಕಬೇಡಿ, ಡಾಕ್ಟರ ಹತ್ತಿರ ಹೋಗಿ. ವೈಸ್ ಅವರ ಇಲಿಗಳಲ್ಲಿ ಹುಣ್ಣು ಒತ್ತಡವನ್ನು ಅಳೆಯುವ ಒಂದು ಅಳತೆಗೋಲು, ಅಷ್ಟೆ. ನನಗೆ ಮುಖ್ಯವಾದದ್ದು ಅಳತೆಗೋಲಲ್ಲ, ಬೀಪ್.

ದೊಡ್ಡ ಕಂಪನಿಗಳಲ್ಲಿ ಕಳೆದುಹೋಗುವುದು ಈ ಬೀಪೇ. ನಾಲ್ಕು ಜನರ ಅಂಗಡಿಯಲ್ಲಿ ಗ್ರಾಹಕ ಮುಖ ಸಿಂಡರಿಸಿದರೆ ತಕ್ಷಣ ಕಾಣಿಸುತ್ತದೆ. ನಲವತ್ತು ಸಾವಿರ ಜನರ ಕಂಪನಿಯಲ್ಲಿ ನೀವು ಬರೆದ ಕೋಡ್ ಯಾರಿಗೆ ಹೋಯಿತು, ಬಳಕೆಗೆ ಬಂತೋ ಇಲ್ಲವೋ, ಪ್ರಾಜೆಕ್ಟ್ ಇನ್ನೂ ಬದುಕಿದೆಯೋ ಇಲ್ಲವೋ ಅನ್ನುವುದೇ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ ಅಪ್ರೈಸಲ್ ಅಂತ ಒಂದು ಬರುತ್ತದೆ. ಅಡುಗೆಯವರಿಗೆ ಸಾರಿನ ರುಚಿ ನೋಡಲು ಬಿಡದೆ, 'ಜೂನ್ ತಿಂಗಳ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು' ಅಂತ ಮಾರ್ಚ್‌ನಲ್ಲಿ ಚೀಟಿ ಕಳಿಸಿದ ಹಾಗೆ ಅದು.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಟೌನ್‌ಹಾಲ್ ಮೀಟಿಂಗಿಗೆ ಒಂದು ಖಾಯಂ ಸ್ಲೈಡ್ ಇತ್ತು. ಮೇಲೆ 'ನಮ್ಮ ಆದ್ಯತೆಗಳು' ಅಂತ ಶೀರ್ಷಿಕೆ, ಕೆಳಗೆ ಹನ್ನೊಂದು ಸಾಲು. ಹನ್ನೊಂದಕ್ಕೂ ಒಂದೇ ದಪ್ಪಕ್ಷರ. ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗಿ 'ಸರ್, ಇದರಲ್ಲಿ ಯಾವುದನ್ನು ಬಿಡಬಹುದು?' ಅಂತ ಕೇಳಿದಳು. 'ಗ್ರೇಟ್ ಕ್ವೆಶ್ಚನ್' ಅಂದರು ಸಾಹೇಬರು. ಉತ್ತರ ಅಷ್ಟೇ. ಆ ಕ್ವಾರ್ಟರ್‌ನಲ್ಲಿ ಮೂರನೇ ಸಾಲನ್ನು ಹಿಡಿದು ದುಡಿದವರನ್ನು ಮುಂದಿನ ಕ್ವಾರ್ಟರ್‌ನಲ್ಲಿ 'ಏಳನೆಯದು ಯಾಕೆ ಆಗಿಲ್ಲ' ಅಂತ ಕೇಳಿದರು. ತಿರುಗಿಸಿದರೂ ಏಟು, ತಿರುಗಿಸದಿದ್ದರೂ ಏಟು.

ಹಾಗಾದರೆ ಮೇಲಿರುವವರು ದಡ್ಡರಾ? ಈ ವಿವರಣೆ ಕ್ಯಾಂಟೀನಿನಲ್ಲಿ ಕಾಫಿ ಜೊತೆ ಚೆನ್ನಾಗಿರುತ್ತದೆ, ಆದರೆ ಸಾಲದು. ನೋಕಿಯಾವನ್ನೇ ನೋಡಿ. 2007ರಲ್ಲಿ ಐಫೋನ್ ಬಂದಾಗ ಜಗತ್ತಿನ ಸ್ಮಾರ್ಟ್‌ಫೋನುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೋಕಿಯಾದವು. 2013ರ ಸೆಪ್ಟೆಂಬರ್ ಹೊತ್ತಿಗೆ ಫೋನ್ ವ್ಯಾಪಾರವನ್ನೇ ಮೈಕ್ರೋಸಾಫ್ಟ್‌ಗೆ ಮಾರುವ ಘೋಷಣೆಯಾಯಿತು. ನಡುವೆ ಏನಾಯಿತು ಅಂತ ತಿಳಿಯಲು ಟಿಮೊ ವುವೊರಿ ಮತ್ತು ಕ್ವಿ ಹುಯ್ ಎಂಬ ಇಬ್ಬರು ಸಂಶೋಧಕರು ಅಲ್ಲಿನ ಮೇಲಧಿಕಾರಿಗಳು, ಮಧ್ಯದ ಮ್ಯಾನೇಜರ್‌ಗಳು, ಎಂಜಿನಿಯರ್‌ಗಳು ಎಲ್ಲರನ್ನೂ ಮಾತಾಡಿಸಿದರು. ಅವರ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅವರಿಗೆ ಸಿಕ್ಕಿದ್ದು ಭಯ, ಅದೂ ಎರಡು ತರಹದ್ದು. ಮೇಲಿನವರಿಗೆ ಹೊರಗಿನ ಪೈಪೋಟಿಯ ಭಯ, ಷೇರುದಾರರ ಭಯ. ಮಧ್ಯದವರಿಗೆ ಮೇಲಿನವರ ಭಯ. 'ನಮ್ಮ ಸಿಂಬಿಯನ್ ಸಾಫ್ಟ್‌ವೇರ್ ಐಫೋನಿಗೆ ಸಾಟಿಯಲ್ಲ, ಹೊಸದಕ್ಕೆ ಇನ್ನೂ ಟೈಮ್ ಬೇಕು' ಅಂತ ಕೆಳಗೆ ಗೊತ್ತಿತ್ತು. ಹೇಳಿದರೆ ಬೈಗುಳ. ಹಾಗಾಗಿ ಸುದ್ದಿ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಸಿಹಿಯಾಯಿತು. ಸಿಹಿ ಸುದ್ದಿ ಕೇಳಿದವರು ಆಗದ ಗಡುವು ಕೊಟ್ಟರು. ಗಮನಿಸಿ, ಬೀಪ್ ಕೆಳಗಿನವರಿಗೆ ಮಾತ್ರ ನಿಂತಿರಲಿಲ್ಲ, ಮೇಲಿನವರಿಗೂ ನಿಂತಿತ್ತು.

ಇದರ ಅತಿ ದುಬಾರಿ ಉದಾಹರಣೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್. 1986ರ ಜನವರಿ 28ರಂದು ಆ ನೌಕೆ ಮೇಲೆದ್ದ 73 ಸೆಕೆಂಡಿಗೆ ಸಿಡಿದು ಏಳು ಜನ ಸತ್ತರು. ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ನೌಕೆ ನಾಶವಾಗುವ ಸಾಧ್ಯತೆ ಎಷ್ಟು ಅಂತ ನಾಸಾದಲ್ಲಿ ವಿಚಾರಿಸಿದರು. ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಮಟ್ಟದ ಎಂಜಿನಿಯರ್‌ಗಳು ನೂರಕ್ಕೆ ಒಂದು ಅಂದರು. ಆಡಳಿತದವರು ಲಕ್ಷಕ್ಕೆ ಒಂದು ಅಂದರು. ಲಕ್ಷಕ್ಕೆ ಒಂದು ಅಂದರೆ ದಿನಕ್ಕೊಂದರಂತೆ 300 ವರ್ಷ ಹಾರಿಸಿದರೂ ಒಂದೇ ನೌಕೆ ಹೋಗಬೇಕು ಅಂತ ಫೈನ್‌ಮನ್ ಲೆಕ್ಕ ಹಾಕಿ ಬರೆದರು. ಒಂದೇ ಸಂಸ್ಥೆ, ಒಂದೇ ಯಂತ್ರ. ಆದರೂ ಸಾವಿರ ಪಟ್ಟು ವ್ಯತ್ಯಾಸ.

ನೋಕಿಯಾಗೆ ವಾಪಸ್ ಬರೋಣ. ಎನ್9 ಎಂಬ ಫೋನ್ ಕೆಲವರಿಗಾದರೂ ನೆನಪಿರಬಹುದು. ಮುಂದೆ ಒಂದೇ ಒಂದು ಬಟನ್ ಇಲ್ಲ. ತೆರೆಯ ಅಂಚಿನಿಂದ ಬೆರಳು ಎಳೆದರೆ ಆ್ಯಪ್ ಮುಚ್ಚುತ್ತದೆ. ಈಗ ನಾವೆಲ್ಲ ಮಾಡುವುದೂ ಅದನ್ನೇ. ಅದರಲ್ಲಿದ್ದದ್ದು ಮೀಗೋ ಎಂಬ ಹೊಸ ವ್ಯವಸ್ಥೆ. 2011ರ ಫೆಬ್ರವರಿಯಲ್ಲಿ ಕಂಪನಿ 'ಇನ್ನು ಮುಂದೆ ನಮ್ಮ ಸ್ಮಾರ್ಟ್‌ಫೋನುಗಳಿಗೆ ವಿಂಡೋಸ್' ಅಂತ ಘೋಷಿಸಿತು. ಮೀಗೋ ಕಥೆ ಮುಗಿಯಿತು. ಎನ್9 ಬಿಡುಗಡೆಯ ಸುದ್ದಿ ಬಂದದ್ದು ಜೂನ್‌ನಲ್ಲಿ! ನಾಲ್ಕು ತಿಂಗಳ ಹಿಂದೆಯೇ ಭವಿಷ್ಯ ಕಳೆದುಕೊಂಡ ಫೋನ್ ಅದು. ಎಂಜಿನಿಯರ್‌ಗಳು ಅದನ್ನು ಅಚ್ಚುಕಟ್ಟಾಗಿ ಮುಗಿಸಿಕೊಟ್ಟರು. ವಿಮರ್ಶಕರು ಮೆಚ್ಚಿಕೊಂಡರು. ಮೆಚ್ಚಿಕೊಂಡು ಏನು ಮಾಡುವುದು?

ಇಂಥ ಹೊತ್ತಿನಲ್ಲಿ ಕಂಪನಿಗಳು ಏನು ಮಾಡುತ್ತವೆ ಅಂತ ನಿಮಗೂ ಗೊತ್ತು. ಮೋಟಿವೇಶನ್ ಭಾಷಣಕಾರರನ್ನು ಕರೆಸುತ್ತವೆ. 'ನಿಮ್ಮ ಆಲೋಚನೆ ಬದಲಾದರೆ ಎಲ್ಲ ಬದಲಾಗುತ್ತದೆ' ಅಂತ ಹೇಳಿಸುತ್ತವೆ. ರೆಸಾರ್ಟಿಗೆ ಕರೆದುಕೊಂಡು ಹೋಗಿ ಹಗ್ಗ ಎಳೆಸುತ್ತವೆ. ಧ್ಯಾನದ ಮೇಲೆ ನನಗೇನೂ ಸಿಟ್ಟಿಲ್ಲ, ಹಗ್ಗದಾಟವೂ ಮಜಾ. ಆದರೆ ಚಕ್ರಕ್ಕೂ ಏಟಿಗೂ ಕೊಂಡಿ ತಪ್ಪಿದೆ ಅನ್ನುವಾಗ ಇಲಿಗೆ ಸಕಾರಾತ್ಮಕ ಚಿಂತನೆ ಹೇಳಿಕೊಡುವುದು ದೃಷ್ಟಿ ತೆಗೆದಷ್ಟೇ ವೈಜ್ಞಾನಿಕ.

ಸ್ಟೀವನ್ ಮೇಯರ್ ಮತ್ತು ಮಾರ್ಟಿನ್ ಸೆಲಿಗ್‌ಮನ್ ಅವರ ಕೆಲಸ ಈ ಭಾಷಣಗಳಿಗೆ ಇನ್ನೊಂದು ಪೆಟ್ಟು. 1967ರಲ್ಲಿ ಇವರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಏನು ಮಾಡಿದರೂ ಏಟು ತಪ್ಪದಿದ್ದರೆ ಪ್ರಾಣಿಗಳು ಅಸಹಾಯಕತೆಯನ್ನು ಕಲಿಯುತ್ತವೆ ಅಂದಿದ್ದರು. ಐವತ್ತು ವರ್ಷ ಮಿದುಳನ್ನು ಕೆದಕಿದ ಮೇಲೆ, 2016ರಲ್ಲಿ, ನಾವು ತಿರುಗಾಮುರುಗಾ ತಿಳಿದಿದ್ದೆವು ಅಂತ ತಾವೇ ಬರೆದರು. ಏಟು ಮುಂದುವರಿದಾಗ ಕುಸಿದು ಕೂರುವುದು ಮಿದುಳಿನ ಹುಟ್ಟುಗುಣ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯುವುದು ಇದರ ಉಲ್ಟಾ. ನಾನು ಮಾಡಿದ್ದರಿಂದ ಏನೋ ಬದಲಾಯಿತು ಅಂತ ಹಣೆಯ ಹಿಂದಿನ ಮಿದುಳಿನ ಭಾಗ ಪತ್ತೆಹಚ್ಚಿದಾಗ ಮಾತ್ರ ಆ ಕುಸಿತಕ್ಕೆ ತಡೆ ಬೀಳುತ್ತದೆ. ಪತ್ತೆಹಚ್ಚಲು ಮೊದಲು ಏನಾದರೂ ಬದಲಾಗಬೇಕಲ್ಲ!

ಇನ್ನು ಮನುಷ್ಯರ ಲೆಕ್ಕ. ಬ್ರಿಟನ್ನಿನಲ್ಲಿ 1967ರಿಂದ 17 ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಆರೋಗ್ಯವನ್ನು ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತವರು ಅತಿ ಕೆಳಗಿನ ದರ್ಜೆಯವರು. ಮೇಲಿನ ದರ್ಜೆಗೆ ಹೋಲಿಸಿದರೆ ಸುಮಾರು ಮೂರು ಪಟ್ಟು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಕಳೆದರೂ ಅಂತರ ಪೂರ್ತಿ ಮುಚ್ಚಲಿಲ್ಲ. ಅದಕ್ಕೇ 1985ರಲ್ಲಿ 10,308 ಜನರ ಎರಡನೇ ಸುತ್ತು ಶುರುವಾಯಿತು. ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಹೃದಯದ ತೊಂದರೆ ಜಾಸ್ತಿ ಅಂತ ಅದರಲ್ಲಿ ಕಂಡಿತು.

ಆ ಎರಡನೇ ಸುತ್ತಿನ ನಡುವೆ, ಅಧ್ಯಯನದಲ್ಲಿದ್ದ ಒಂದು ಇಲಾಖೆಯನ್ನು ಖಾಸಗಿಯವರಿಗೆ ಮಾರುವ ಮಾತು ಬಂತು. ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆ ಅದು. ಸಂಶೋಧಕರಿಗೆ ಅನಾಯಾಸವಾಗಿ ಒಂದು ಪ್ರಯೋಗ ಸಿಕ್ಕಿದ ಹಾಗಾಯಿತು. ಇಲಾಖೆ ಇನ್ನೂ ಮಾರಾಟವಾಗಿರಲಿಲ್ಲ, ಸಂಬಳ ಸರಿಯಾಗಿ ಬರುತ್ತಿತ್ತು, ಕುರ್ಚಿ ಮೇಜು ಎಲ್ಲ ಇದ್ದಲ್ಲೇ ಇದ್ದವು. ಮುಂದೇನು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲೇ ಅಲ್ಲಿನ ಗಂಡಸರು, ಬೇರೆ ಇಲಾಖೆಗಳಲ್ಲಿದ್ದ ತಮ್ಮಂಥವರಿಗೆ ಹೋಲಿಸಿದರೆ, ತಮ್ಮ ಆರೋಗ್ಯ ಕೆಟ್ಟಿದೆ ಅಂತ ಹೇಳಲು ಶುರುಮಾಡಿದ್ದರು.