ಲೆಡಿಂಗ್: ಕನ್ನಡ ಪುಟಕ್ಕೆ ಅದು ಯಾಕೆ ಜಾಸ್ತಿ ಬೇಕು?

ಪುಟದಲ್ಲಿ ಒಂದು ಸಾಲಿಗೂ ಅದರ ಕೆಳಗಿನ ಸಾಲಿಗೂ ನಡುವೆ ಇಡುವ ಅಂತರವೇ ಲೆಡಿಂಗ್. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಇಂಗ್ಲಿಷಿನಲ್ಲಿ ಸೀಸಕ್ಕೆ ‘ಲೆಡ್’ ಅನ್ನುತ್ತಾರೆ, ಅದರಿಂದಲೇ ಈ ಹೆಸರು ಬಂತು. ಪಟ್ಟಿ ಹೋಗಿ ಕಂಪ್ಯೂಟರ್ ಬಂದರೂ ಹೆಸರು ಉಳಿಯಿತು.

ಅಳೆಯುವುದು ಪಾಯಿಂಟ್ ಲೆಕ್ಕದಲ್ಲಿ. ಈಗಿನ ಸಾಫ್ಟ್‌ವೇರ್‌ಗಳಲ್ಲಿ 72 ಪಾಯಿಂಟ್ ಅಂದರೆ ಒಂದು ಇಂಚು. ಅಕ್ಷರ ಕೂರುವ ಗೆರೆಯಿಂದ ಮುಂದಿನ ಸಾಲಿನ ಗೆರೆಯವರೆಗೆ ಎಷ್ಟಿದೆಯೋ ಅದೇ ಲೆಡಿಂಗ್. 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಲೆಡಿಂಗ್ ಕೊಟ್ಟರೆ 10/12 ಎಂದು ಬರೆಯುತ್ತಾರೆ. ಪುಟ ಜೋಡಿಸುವ ಸಾಫ್ಟ್‌ವೇರ್‌ಗಳಾದ ಪೇಜ್‌ಮೇಕರ್, ಇನ್‌ಡಿಸೈನ್‌ಗಳಲ್ಲಿ ‘ಆಟೋ’ ಎಂದು ಬಿಟ್ಟರೆ ಸಿಗುವುದೂ ಇಷ್ಟೇ, ಅಕ್ಷರದ ಅಳತೆಯ ಶೇ. 120.

ಆ ಶೇ. 120 ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಗೆರೆಯ ಕೆಳಗೆ ಕೂರುತ್ತವೆ. ಐತ್ವ, ವಟ್ರಸುಳಿಗಳೂ ಕೆಳಗೆ ಇಳಿಯುತ್ತವೆ. ಮುಂದಿನ ಸಾಲಿನ ಗುಡಿಸು ಮೇಲಕ್ಕೆ ಏರುತ್ತದೆ. ಎರಡೂ ಒಂದೇ ಜಾಗಕ್ಕೆ ಬಂದರೆ ತಗಲುತ್ತವೆ, ಅಲ್ವಾ?

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನೇ ಬರೆದು ನೋಡಿ. ಸಾಗರ, ಸೊರಬ, ಹೊಸನಗರ, ಶಿಕಾರಿಪುರ: ಒಂದರಲ್ಲೂ ಒತ್ತಿಲ್ಲ, ಸಾಲಿನ ಕೆಳಗೆ ಆರಾಮಾಗಿ ಜಾಗ ಉಳಿಯುತ್ತದೆ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ: ಮೂರರಲ್ಲೂ ಒತ್ತು ಕೆಳಗಿಳಿದಿದೆ. (ತೀರ್ಥಹಳ್ಳಿಯ ಅರ್ಕಾವತ್ತು ಮಾತ್ರ ಪಕ್ಕದಲ್ಲೇ ಕೂರುತ್ತದೆ, ಅದರಿಂದ ತೊಂದರೆಯಿಲ್ಲ.) ‘ಸ್ವಾತಂತ್ರ್ಯ’, ‘ರಾಷ್ಟ್ರ’ದಂಥ ಪದ ಬಂದರೆ ಎರಡೆರಡು ಒತ್ತು. ಇಡೀ ಪುಟಕ್ಕೆ ಒಂದೇ ಲೆಡಿಂಗ್ ಇರುವುದರಿಂದ, ಅದನ್ನು ಸಾಗರ, ಸೊರಬ ನೋಡಿ ಗೊತ್ತು ಮಾಡಬಾರದು. ‘ಸ್ವಾತಂತ್ರ್ಯ’ದ ಕೆಳಗೆ ‘ಕೀರ್ತಿ’ ಬಂದಾಗಲೂ ಎರಡೂ ಬಿಡಿಯಾಗಿ ಕಾಣಬೇಕು.

ಎಷ್ಟು ಕೊಡಬೇಕು? 10 ಪಾಯಿಂಟ್ ಅಕ್ಷರಕ್ಕೆ 14ರಿಂದ ಶುರು ಮಾಡಿ, ಬೇಕೆನಿಸಿದರೆ 15, 16ಕ್ಕೆ ಹೋಗಿ ಅನ್ನುವುದು ನನ್ನ ಸಲಹೆ. ಫಾಂಟ್ ಬದಲಾದರೆ ಇದೂ ಬದಲಾಗುತ್ತದೆ. ಹಾಗಾಗಿ ಪರದೆ ಮೇಲೆ ದೊಡ್ಡದು ಮಾಡಿ ನೋಡಿ ತೀರ್ಮಾನಿಸಬೇಡಿ. ಅಸಲಿ ಅಳತೆಯಲ್ಲಿ ಒಂದು ಪ್ರಿಂಟ್ ತೆಗೆದು ಓದಿ. ‘ಆಟೋ’ದಲ್ಲಿ ಇನ್ನೊಂದು ಕಾಟವಿದೆ. ಸಾಲಿನಲ್ಲಿ ಒಂದೇ ಒಂದು ಪದ ದೊಡ್ಡದಾದರೂ ಆ ಸಾಲು ಪೂರ್ತಿ ದೂರ ಸರಿಯುತ್ತದೆ. ಅಂಕಿಯನ್ನು ನೀವೇ ಹಾಕುವುದು ಒಳ್ಳೆಯದು.

ಲೆಡಿಂಗ್‌ಗೆ ಹೆಚ್ಚು ಏಟು ಬೀಳುವುದು ಕರಪತ್ರಗಳಲ್ಲಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಅಂಥ ಜಾತ್ರೆಯ ಕರಪತ್ರ ಅಂದರೆ ಪೂಜೆಯ ಸಮಯ, ಸೇವೆಗಳ ಪಟ್ಟಿ, ಸಂಜೆಯ ಯಕ್ಷಗಾನ, ದಾನಿಗಳ ಹೆಸರು, ಎಲ್ಲವೂ ಒಂದೇ ಹಾಳೆಯಲ್ಲಿ ಬರಬೇಕು. ಜಾಗ ಸಾಲದಾಗ ಮೊದಲು ಕೈ ಹೋಗುವುದು ಲೆಡಿಂಗ್ ಮೇಲೆ, ಕಡಿಮೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು. ಆದರೆ ಕನ್ನಡಕ ಹಾಕಿಕೊಂಡು ತನ್ನ ಮನೆಯ ಸೇವೆಯ ದಿನ ಹುಡುಕುವ ಅಜ್ಜಿಗೆ ಗೊತ್ತಾಗುತ್ತದೆ. ಅಕ್ಷರವನ್ನು ಅರ್ಧ ಪಾಯಿಂಟ್ ಇಳಿಸಿ, ಅಂಚಿನ ಬಳ್ಳಿ ಚಿತ್ತಾರ ತೆಗೆಯಿರಿ, ಎರಡು ಸಲ ಬಂದ ವಿಷಯ ಕತ್ತರಿಸಿ. ಸಾಲುಗಳ ಅಂತರ ಮುಟ್ಟಬೇಡಿ.

ಸಾಲು ಉದ್ದವಾದಷ್ಟೂ ಲೆಡಿಂಗ್ ಜಾಸ್ತಿ ಬೇಕು. ಎ4 ಹಾಳೆಯ ಆ ತುದಿಯಿಂದ ಈ ತುದಿಗೆ ಸಣ್ಣ ಅಕ್ಷರದ ಸಾಲು ಓಡಿದರೆ ಕಣ್ಣು ವಾಪಸ್ ಬರುವಾಗ ಓದಿದ ಸಾಲಿಗೇ ಮತ್ತೆ ಬೀಳುತ್ತದೆ. ಆಗ ಎರಡು ಕಾಲಂ ಮಾಡುವುದು ಇನ್ನೂ ಒಳ್ಳೆಯ ದಾರಿ. ದಪ್ಪ ತಲೆಬರಹಕ್ಕೆ ಮಾತ್ರ ಲೆಕ್ಕ ಬೇರೆ. ಎರಡು ಸಾಲಿನ ತಲೆಬರಹ ಒಂದೇ ಮಾತಾಗಿ ಕಾಣಬೇಕು. ಅಲ್ಲಿ ಒತ್ತು ತಗಲದಷ್ಟು ಬಿಟ್ಟು ಉಳಿದದ್ದನ್ನು ಬಿಗಿ ಮಾಡಬಹುದು.